ಆರೂವರೆ ಕೋಟಿ ವರ್ಷದ ಕಲ್ಲು, ಎರಡನೇ ಸಲ ಬರದ ಜನ

ಕಲ್ಲಿನ ಮುಂದೆ ನಿಂತು ಮಾತಾಡುವವನ ಬದುಕಿನಲ್ಲಿ ನಗುವಂಥದ್ದು ಏನಿದ್ದೀತು ಎಂದು ನೀವು ಅಂದುಕೊಂಡಿದ್ದರೆ, ಒಂದು ಭಾನುವಾರ ನನ್ನ ಜೊತೆ ಉರಣದ ಕಡಲತೀರಕ್ಕೆ ಬನ್ನಿ. ಕಲ್ಲು ಪಾಪ, ತನ್ನಷ್ಟಕ್ಕೆ ತಾನು ಇರುತ್ತದೆ. ಅದನ್ನು ನೋಡಲು ಬಂದವರು ಹಾಗೆ ಇರುವುದಿಲ್ಲ.

ಮುಂಬಯಿ ಪಕ್ಕದ ಡೊಂಬಿವಲಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನು ನಾನು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಗೆ ಭೂಕಂಪದ ಕಾರಣಗಳನ್ನು ವಿವರಿಸತೊಡಗಿದೆ. ಅವಳೇ ಒಂದು ದಿನ, “ದಯವಿಟ್ಟು ಹೊರಗಿನವರಿಗೆ ಹೇಳಿ” ಅಂದಳು. ಹಾಗೆ ನಮ್ಮ ಕನ್ನಡ ಸಂಘದ ಕಡೆಯಿಂದ ತಿಂಗಳಿಗೊಂದು ಭಾನುವಾರ ಕಡಲತೀರದ ನಡಿಗೆ ಶುರುವಾಯಿತು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ನೆರೂಳ್, ಅಲ್ಲಿ ಮತ್ತೆ ಬದಲಿಸಿ ಉರಣ. ತೀರದುದ್ದಕ್ಕೂ ಎರಡು ಗಂಟೆ ನಡೆಯುತ್ತ, ಈ ಕಪ್ಪು ಬಂಡೆಗಳು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಆಗಿ ಹೇಗೆ ಹರಿದವು ಎಂದು ನಾನು ಹೇಳುವುದು, ಜನ ಕೇಳುವುದು. ಇಷ್ಟೇ ಯೋಜನೆ.

ಜನ ಬಂದರು, ಇಲ್ಲವೆನ್ನಲಾರೆ. ಆದರೆ ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಎರಡು ವರ್ಷದಲ್ಲಿ ಒಬ್ಬನೇ ಒಬ್ಬನೂ ಎರಡನೇ ಸಲ ಬರಲಿಲ್ಲ. ಸಂಘದ ಕಾರ್ಯದರ್ಶಿ ಕೊನೆಗೆ ಹೇಳಿಯೇಬಿಟ್ಟರು: “ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಮಳೆಗಾಲದ ಒಳಗೆ ಒಬ್ಬರಾದರೂ ಎರಡನೇ ಸಲ ಬಂದರೆ ಮುಂದುವರಿಸೋಣ. ಇಲ್ಲಾಂದ್ರೆ ಆ ಭಾನುವಾರ ಹಾಲ್‌ನಲ್ಲಿ ನಂಬರು ಕೂಗಿ ಹೌಸಿ ಆಡಿಸೋಣ. ಮೆಂಬರ್‌ಗಳು ಕೇಳ್ತಾ ಇದ್ದಾರೆ.”

ಆರೂವರೆ ಕೋಟಿ ವರ್ಷದ ಇತಿಹಾಸ ಹೌಸಿಯ ಚೀಟಿಯ ಮುಂದೆ ಸೋಲುವುದೇ? ನನಗೆ ಊಟ ರುಚಿಸಲಿಲ್ಲ. ಅಂದಿನಿಂದ ನಾನು ಕಲ್ಲಿಗಿಂತ ಹೆಚ್ಚಾಗಿ ಜನರ ಮುಖ ನೋಡತೊಡಗಿದೆ. ಇವರು ಮತ್ತೆ ಬರುತ್ತಾರೆಯೇ? ಯಾಕೆ ಬರಲಿಲ್ಲ ಎಂಬುದು ಕೆಳಗಿನ ಪ್ರಸಂಗಗಳಿಂದ ನಿಮಗೇ ಗೊತ್ತಾಗುತ್ತದೆ.

ಅಗ್ನಿಶಿಲಾ ದರ್ಶನ

ಮೊಟ್ಟಮೊದಲ ನಡಿಗೆಗೆ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಕಟಣೆ ಹಾಕುವಾಗ ಸ್ವಲ್ಪ ಗತ್ತಿರಲಿ ಎಂದು “ಉರಣದಲ್ಲಿ ಅಗ್ನಿಶಿಲಾ ದರ್ಶನ” ಎಂದು ಬರೆದೆ. ಲಾವಾ ಆರಿ ಆದ ಕಲ್ಲಿಗೆ ಶಾಲೆಯ ಪುಸ್ತಕದಲ್ಲಿ ಅಗ್ನಿಶಿಲೆ ಎಂದೇ ಹೆಸರು, ನನ್ನದೇನೂ ತಪ್ಪಿಲ್ಲ. ಕೆಳಗೆ “ಹೊಟ್ಟೆ ತುಂಬ ತಿಂದು ಬರಬೇಡಿ, ಬಂಡೆ ಹತ್ತುವಾಗ ಕಷ್ಟವಾಗುತ್ತದೆ” ಎಂದೂ ಸೇರಿಸಿದ್ದೆ.

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನೋಡುತ್ತೇನೆ, ಒಂಬತ್ತು ಜನ ಹೆಂಗಸರು ರೇಷ್ಮೆ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ಕೈಯಲ್ಲಿ ತೆಂಗಿನಕಾಯಿ ಊದುಬತ್ತಿ ಹಿಡಿದು ನಿಂತಿದ್ದಾರೆ. ಅವರಲ್ಲಿ ಹಿರಿಯರು, ಕಲ್ಯಾಣದಲ್ಲಿ ನೆಲೆಸಿದ ಉಡುಪಿ ಕಡೆಯ ಒಬ್ಬ ಅಮ್ಮ, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

“ಮಾಸ್ಟ್ರೇ, ಭಟ್ರು ಅಲ್ಲಿಯೇ ಇರ್ತಾರಾ ಅಥವಾ ನಾವು ಇಲ್ಲಿಂದ ಕರ್ಕೊಂಡು ಹೋಗ್ಬೇಕಾ?”

“ಯಾವ ಭಟ್ರು?”

“ದರ್ಶನ ಅಂತ ಬರ್ದಿದ್ದೀರಲ್ಲ. ಉಪವಾಸ ಬರ್ಲಿಕ್ಕೂ ಹೇಳಿದ್ದೀರಿ.”

ರೈಲಿನಲ್ಲಿ ಉರಣದವರೆಗೂ ವಿವರಿಸಿದೆ. ಭೂಮಿ ಬಿರುಕು ಬಿಟ್ಟಿತು, ಒಳಗಿನ ಕಲ್ಲು ಕರಗಿ ಮೇಲೆ ಬಂತು, ಆರಿ ಬಂಡೆಯಾಯಿತು. ಅವರು ಗಮನವಿಟ್ಟು ಕೇಳಿ, “ಅಂದ್ರೆ ಯಾರೂ ತಂದು ಇಟ್ಟದ್ದಲ್ಲ?” ಅಂದರು.

“ಅಲ್ಲ.”

“ಭೂಮಿಯ ಒಳಗಿಂದ ತಾನಾಗಿಯೇ ಬಂದದ್ದು?”

“ಹೌದು.”

“ಮತ್ತೆ? ಅದನ್ನೇ ಅಲ್ವಾ ನಾವು ಉದ್ಭವ ಅಂತ ಹೇಳುವುದು!”

ತೀರದ ಮೊದಲ ಬಂಡೆಗೆ ಕುಂಕುಮ ಬಿತ್ತು, ಕಾಯಿ ಒಡೆಯಿತು. ಬಂಡೆಯ ಗಟ್ಟಿತನದ ಬಗ್ಗೆ ನಾನು ಹೇಳಬೇಕೆಂದಿದ್ದನ್ನು ಕಾಯಿಯ ಎರಡು ಸರಿಯಾದ ಹೋಳುಗಳೇ ಹೇಳಿಬಿಟ್ಟವು. ವಾಪಸು ಬರುವಾಗ ಆಸೆಯಿಂದ ಕೇಳಿದೆ: “ಅಮ್ಮ, ಮುಂದಿನ ತಿಂಗಳೂ ಬರ್ತೀರಾ?”

“ಬಾರದೆ ಇರ್ತೇನಾ ಮಾಸ್ಟ್ರೇ! ಮೊಮ್ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ಕೂಡಲೇ ಬರ್ತೇನೆ.”

ಹುಡುಗ ಕಾಮರ್ಸ್‌ಗೆ ಸೇರಿದನೆಂದು ಆಮೇಲೆ ತಿಳಿಯಿತು.

ಹುಳಿ ಬಂದ ಹಿಟ್ಟು

ಠಾಣೆಯಲ್ಲಿ ಹೋಟೆಲು ಇಟ್ಟುಕೊಂಡ ಹಿರಿಯರೊಬ್ಬರು ಒಮ್ಮೆ ಬಂದಿದ್ದರು. ಕುಂದಾಪುರದ ಕಡೆಯವರು, ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಗಂಟುಮೋರೆ ಹಾಕಿಕೊಂಡು ನಡೆಯುತ್ತಿದ್ದರು. ನಾನು ಒಂದು ಬಂಡೆ ತೋರಿಸಿ, “ಇದರ ಮೇಲ್ಭಾಗ ನೋಡಿ, ತೂತು ತೂತು. ಕೆಳಭಾಗ ನುಣುಪು. ಯಾಕೆ ಗೊತ್ತೇ?” ಎಂದು ಶಾಲೆಯ ಧಾಟಿಯಲ್ಲಿ ಕೇಳಿದೆ.

“ಇದರಲ್ಲಿ ಕೇಳುವಂಥದ್ದು ಏನುಂಟು?” ಅಂದರು ಅವರು. “ಹಿಟ್ಟು ಹುಳಿ ಬಂದಿತ್ತು. ಗಾಳಿ ಮೇಲೆ ಬಂದು ಗುಳ್ಳೆ ಒಡೆಯಿತು. ಅಡಿ ಕಾವಲಿಗೆ ತಾಗಿ ಗಟ್ಟಿಯಾಯಿತು.”

ನಾನು ಕಣ್ಣು ಕಣ್ಣು ಬಿಟ್ಟೆ. ಅವರು ಹೇಳಿದ್ದರಲ್ಲಿ ಹಿಟ್ಟು ಎಂಬಲ್ಲಿ ಲಾವಾ, ಕಾವಲಿ ಎಂಬಲ್ಲಿ ನೆಲ ಎಂದು ಇಟ್ಟರೆ ಕಾಲೇಜಿನ ಪುಸ್ತಕದ ಮಾತೇ ಆಯಿತು. ಮುಂದೆ ಬಂಡೆಯಲ್ಲಿ ಒಂದರ ಮೇಲೊಂದು ಪದರಗಳು ಕಂಡವು. ಗುಂಪಿನವರು ನನ್ನ ಕಡೆ ನೋಡಲೇ ಇಲ್ಲ, ನೇರವಾಗಿ ಅವರನ್ನೇ ಕೇಳಿದರು.

“ಇದು ಕಲಿಯುವವನ ಕೆಲಸ,” ಅಂದರು ಅವರು. “ಮೊದಲಿನದ್ದು ತೆಗೆಯುವ ಮೊದಲೇ ಮತ್ತೊಂದು ಹೊಯ್ದಿದ್ದಾನೆ. ನೋಡಿ, ನಡುವೆ ಕೆಂಪಾಗಿದೆ. ಅದು ಕರಟಿದ್ದು.”

ಪದರಗಳ ನಡುವಿನ ಕೆಂಪು ಮಣ್ಣು ಕೂಡ ಮೇಲಿನಿಂದ ಬಿದ್ದ ಲಾವಾದ ಬಿಸಿಗೆ ಸುಟ್ಟದ್ದೇ. ನಾನು ಗುಂಪಿನ ಹಿಂದೆ ನಡೆದೆ. ಎರಡು ಗಂಟೆ ಹೇಳುವ ಪಾಠವನ್ನು ಆ ಪುಣ್ಯಾತ್ಮ ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಎಲ್ಲರಿಗೂ ಅರ್ಥವಾಯಿತು, ಎಲ್ಲರಿಗೂ ಹಸಿವೂ ಆಯಿತು. ಕೊನೆಗೆ ನನ್ನ ಮಾನ ಉಳಿಸಿಕೊಳ್ಳಲು, “ಇಷ್ಟೆಲ್ಲ ಲಾವಾ ಹರಿಯುವ ಕಾಲಕ್ಕೇ ಡೈನೋಸಾರುಗಳು ನಾಶವಾದವು” ಎಂದೆ.

ಅವರು ಬಂಡೆಯ ತೂತುಗಳನ್ನು ಮತ್ತೊಮ್ಮೆ ನೋಡಿ ತಲೆ ಅಲ್ಲಾಡಿಸಿದರು.

“ಅದಕ್ಕೇ ಮಾಸ್ಟ್ರೇ ನಾನು ಹುಡುಗರಿಗೆ ದಿನಾ ಹೇಳುವುದು. ಹುಳಿ ಹೆಚ್ಚಾದ ಹಿಟ್ಟು ಗಿರಾಕಿಗೆ ಹಾಕಬೇಡಿ ಅಂತ.”

ಮುಂದಿನ ತಿಂಗಳು ಅವರು ಬರಲಿಲ್ಲ. ಭಾನುವಾರ ವ್ಯಾಪಾರದ ದಿನ. ಅವರು ಬರದೇ ಇದ್ದದ್ದು ಒಳ್ಳೆಯದೇ ಆಯಿತು ಎಂದು ನನ್ನೊಳಗಿನ ಸಣ್ಣ ಮನಸ್ಸು ಹೇಳಿತು, ಸುಳ್ಳೇಕೆ ಹೇಳಲಿ.

ಚೀಲದಲ್ಲಿ ದಗಡ

ಪ್ರತಿ ಸಲ ಒಂದಷ್ಟು ಮಾದರಿ ಕಲ್ಲು ಮನೆಗೆ ತರುವುದು ನನ್ನ ಚಟ. ಮನೆಯಲ್ಲಿ ಅವುಗಳಿಗೆ ನಂಬರು ಹಚ್ಚಿ ಸಾಲಾಗಿ ಇಟ್ಟಿದ್ದೆ. ಈಗ ಏಳನೇ ನಂಬರು ಬಾಲ್ಕನಿಯ ಬಾಗಿಲು ಬಡಿಯದಂತೆ ತಡೆಯುತ್ತಿದೆ, ಹನ್ನೊಂದನೆಯದು ಉಪ್ಪಿನಲ್ಲಿ ನೆನೆಸಿಟ್ಟ ಮಾವಿನಕಾಯಿಯ ಮೇಲೆ ಭಾರವಾಗಿ ಕೂತಿದೆ.

ಒಂದು ಭಾನುವಾರ ವಾಪಸು ಬರುವಾಗ ದೊಡ್ಡ ಸ್ಟೇಷನ್ನೊಂದರಲ್ಲಿ ಎಲ್ಲರ ಚೀಲ ತಪಾಸಣೆ ನಡೆದಿತ್ತು. ನನ್ನ ಚೀಲ ಎತ್ತಿದ ಪೊಲೀಸಿನವರ ಭುಜ ಒಂದು ಕಡೆಗೆ ವಾಲಿತು.

“ಕಾಕಾ, ಬ್ಯಾಗೇತ್ ಕಾಯ್ ಆಹೆ?” ಚೀಲದಲ್ಲಿ ಏನಿದೆ ಎಂದು ಕೇಳಿದರು.

“ದಗಡ” ಎಂದೆ. ಮರಾಠಿಯಲ್ಲಿ ದಗಡ ಎಂದರೆ ಕಲ್ಲು, ದಡ್ಡನನ್ನು ಬೈಯುವುದೂ ಹಾಗೇ.

ಅವರ ಮುಖ ಬಿಗಿಯಿತು. ಚೀಲ ತೆರೆದರು. ಮುಷ್ಟಿಗಾತ್ರದ ಎಂಟು ಕಲ್ಲು, ಮೇಲೊಂದು ಸುತ್ತಿಗೆ. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಈ ಕಲ್ಲು ಯಾರಿಗೆ ಹೊಡೆಯಲಿಕ್ಕೆ ಎಂದು ಅವರು ಕೇಳಿದಾಗ ನನ್ನ ಮರಾಠಿಯೆಲ್ಲ ಗಂಟಲಲ್ಲೇ ಆರಿಹೋಯಿತು. “ಮೀ ಮಾಸ್ತರ್, ಮೀ ಮಾಸ್ತರ್” ಎಂದಷ್ಟೇ ಬಡಬಡಿಸಿದೆ. ಇವು ಕೋಟಿಗಟ್ಟಲೆ ವರ್ಷ ಹಳೆಯವು, ಮಕ್ಕಳಿಗೆ ತೋರಿಸಲು ಇಟ್ಟುಕೊಂಡಿದ್ದೇನೆ ಎಂದು ಹೇಗೋ ತಿಳಿಸಿದೆ.

ಅವರ ಮುಖ ನಿಧಾನವಾಗಿ ಸಡಿಲವಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಚೀಲದ ಬಾಯಿ ತಾವೇ ಕಟ್ಟಿಕೊಟ್ಟು, ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಮರಾಠಿಯಲ್ಲಿ ಹೇಳಿದರು: “ಬಿಡು, ನಿಜವಾಗಿಯೂ ಮಾಸ್ತರೇ. ನಮ್ಮ ಮಾಸ್ತರರಿಗೂ ಎಲ್ಲಿ ನೋಡಿದರೂ ದಗಡವೇ ಕಾಣುತ್ತಿತ್ತು. ಹತ್ತು ವರ್ಷ ನನ್ನನ್ನು ಹಾಗೇ ಕರೆದರು.”

ನೆಲದ ಡೊಮಿಸೈಲ್

ಬೇಲಾಪುರದ ಸರಕಾರಿ ಕಚೇರಿಯಲ್ಲಿ ಕಾಗದಪತ್ರ ಪರಿಶೀಲಿಸುತ್ತ ನಿವೃತ್ತರಾದವರೊಬ್ಬರು ಬಂದ ದಿನ ನಾನು ಬಹಳ ಉತ್ಸಾಹದಲ್ಲಿದ್ದೆ. “ನಾವು ನಿಂತ ಈ ನೆಲ ಮೊದಲು ಇಲ್ಲಿರಲೇ ಇಲ್ಲ. ಭೂಮಧ್ಯರೇಖೆಯ ಆಚೆ, ದಕ್ಷಿಣದಲ್ಲಿ ಎಲ್ಲೋ ಇತ್ತು. ತೇಲುತ್ತ ತೇಲುತ್ತ ಇಲ್ಲಿಗೆ ಬಂತು” ಎಂದೆ.

“ಅಂದರೆ ನೆಲವೇ ದಕ್ಷಿಣದಿಂದ ವಲಸೆ ಬಂದದ್ದು?” ಎಂದು ಅವರು ಕನ್ನಡಕ ಸರಿಪಡಿಸಿಕೊಂಡರು. “ನಮ್ಮ ಹಾಗೇ?”

“ಹೌದು, ನಮ್ಮ ಹಾಗೇ.”

“ಡೊಮಿಸೈಲ್ ಸರ್ಟಿಫಿಕೇಟ್ ಇದೆಯೇ ಇದಕ್ಕೆ?”

“ಸ್ವಾಮಿ, ಹದಿನೈದು ವರ್ಷ ವಾಸವಿದ್ದರೆ ಡೊಮಿಸೈಲ್ ಕೊಡುತ್ತಾರಲ್ಲ. ಇದು ಕೋಟಿಗಟ್ಟಲೆ ವರ್ಷದಿಂದ ಇದೆ.”

ಅವರು ಕನಿಕರದಿಂದ ನಕ್ಕರು. “ವಾಸ ಇದ್ದರೆ ಸಾಲದು ಮೇಷ್ಟ್ರೇ. ಲೈಟ್ ಬಿಲ್ ತೋರಿಸಬೇಕು.”

ಹನ್ನೊಂದೂಕಾಲಿಗೆ ಭರತಿ

ಕಡಲತೀರದಲ್ಲಿ ನಡೆಯುವವರಿಗೆ ಕಲ್ಲಿನ ವಯಸ್ಸಿಗಿಂತ ನೀರು ಏರುವ ಹೊತ್ತು ಮುಖ್ಯ. ಪುಸ್ತಕದ ಕನ್ನಡದಲ್ಲಿ ಅದು ಉಬ್ಬರ. ಉಬ್ಬರ ಎಂದು ಬರೆದರೆ ನಮ್ಮ ಕಡೆಯ ಅರ್ಧ ಜನ ಹೊಟ್ಟೆಯ ತೊಂದರೆ ಎಂದುಕೊಳ್ಳುತ್ತಾರೆ. ಅದಕ್ಕೆ ಇಲ್ಲಿನ ಎಲ್ಲರಿಗೂ ಗೊತ್ತಿರುವ ಮರಾಠಿ ಮಾತನ್ನೇ ಹಾಕಿದೆ: “ಭಾನುವಾರ ಉರಣ ತೀರದಲ್ಲಿ ಹನ್ನೊಂದೂಕಾಲಿಗೆ ಭರತಿ. ಒಂಬತ್ತರೊಳಗೆ ಹಾಜರಿರಬೇಕು. ಬೂಟು ಕಡ್ಡಾಯ.”

ಮರಾಠಿಯಲ್ಲಿ ಪೊಲೀಸು, ಸೈನ್ಯಕ್ಕೆ ಜನ ತೆಗೆದುಕೊಳ್ಳುವುದಕ್ಕೂ ಭರತಿ ಎಂದೇ ಹೇಳುತ್ತಾರೆ ಎಂಬುದು ಬರೆಯುವಾಗ ನನ್ನ ತಲೆಗೆ ಹೊಳೆಯಲಿಲ್ಲ. ಸಂದೇಶ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತ ಎಲ್ಲಿಗೋ ಹೋಯಿತು. ಭಾನುವಾರ ಒಂಬತ್ತಕ್ಕೆ ಸರಿಯಾಗಿ, ಸಂಘದ ಕಡೆಯ ಹೆಂಗಸರು ಗಂಡಸರ ಜೊತೆ ಆರು ಜನ ಹುರಿಯಾಳುಗಳು ಹಾಜರಾದರು. ಕಲ್ಯಾಣದಲ್ಲಿ ಹುಟ್ಟಿ ಬೆಳೆದವರು, ತಂದೆತಾಯಿ ರಾಯಚೂರಿನ ಕಡೆಯವರು. ಕಾಲಿಗೆ ಓಟದ ಬೂಟು, ಕಂಕುಳಲ್ಲಿ ಫೈಲು, ಫೈಲಿನಲ್ಲಿ ಸರ್ಟಿಫಿಕೇಟುಗಳ ಝೆರಾಕ್ಸು. ಯುವಕರಿಗೆ ಭೂಗರ್ಭಶಾಸ್ತ್ರದಲ್ಲಿ ಇಷ್ಟು ಆಸಕ್ತಿಯೇ ಎಂದು ನನ್ನ ಕಣ್ಣು ತುಂಬಿಬಂತು. ಫೈಲು ಟಿಪ್ಪಣಿ ಬರೆದುಕೊಳ್ಳಲಿಕ್ಕೆ ಇರಬೇಕೆಂದುಕೊಂಡೆ.

ಅವರಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಹಿಂದಿ. ಒಬ್ಬ ಮೆಲ್ಲಗೆ ಪಕ್ಕಕ್ಕೆ ಬಂದು ಕೇಳಿದ: “ಸರ್, ಭರತಿ ಕೆ ಲಿಯೆ ಹೈಟ್ ಕಿತನಾ?”

ನೀರು ಎಷ್ಟು ಎತ್ತರ ಏರುತ್ತದೆ ಎಂದು ಕೇಳುತ್ತಿದ್ದಾನೆ, ಜಾಣ ಹುಡುಗ. “ಇವತ್ತು ನಾಲ್ಕು ಮೀಟರ್” ಎಂದೆ.

ಅವನ ಬಣ್ಣವೇ ಇಳಿಯಿತು. ಹೋಗಿ ಗೆಳೆಯರಿಗೆ ಹೇಳಿದ. ಆರೂ ಜನ ಬೆನ್ನು ನೆಟ್ಟಗೆ ಮಾಡಿಕೊಂಡು, ಹಿಮ್ಮಡಿ ಎತ್ತಿ ನಡೆಯತೊಡಗಿದರು. ನಾನು ಮಾತ್ರ ಲಾವಾದ ಬಗ್ಗೆ ಹೇಳುತ್ತ ಹೇಳುತ್ತ ಹೊತ್ತು ಮರೆತೆ. ಹನ್ನೊಂದರ ಸುಮಾರಿಗೆ ಇನ್ನೊಬ್ಬ ತಾಳ್ಮೆ ಕಳೆದುಕೊಂಡು, “ಸರ್, ಭರತಿ ಕಬ್ ಶುರೂ ಹೋಗಾ?” ಅಂದ.

ನಾನು ಗಡಿಯಾರ ನೋಡಿ ಬೆಚ್ಚಿಬಿದ್ದು, ಸಮುದ್ರದ ಕಡೆ ಕೈ ತೋರಿಸಿದೆ. “ಅಯ್ಯೋ, ಅಗೋ ಬಂದೇಬಿಟ್ಟಿತು!”

ಆರೂ ಜನ ಕಣ್ಣಿಗೆ ಕೈ ಅಡ್ಡ ಹಿಡಿದು ಕಡಲಿನತ್ತ ನೋಡಿದರು. “ನೇವಿ ಹೈ ಕ್ಯಾ, ಸರ್?”

ಅಷ್ಟರಲ್ಲಿ ಒಂದು ಅಲೆ ಬಂಡೆಯ ಮೇಲೆ ಹತ್ತಿ ನಮ್ಮೆಲ್ಲರ ಬೂಟು ತೋಯಿಸಿತು. “ಓಡಿ!” ಎಂದು ಕೂಗಿದೆ. ಆ ಹುಡುಗರು ಓಡಿದ ಓಟವನ್ನು ನೀವು ನೋಡಬೇಕಿತ್ತು. ಓಡಿ ಸುಮ್ಮನಿರಲಿಲ್ಲ, ವಾಪಸು ಬಂದು ಹೆಂಗಸರನ್ನು ಕೈಹಿಡಿದು, ಮೊಣಕಾಲು ನೋವಿನ ಇಬ್ಬರನ್ನು ಎತ್ತಿಕೊಂಡೇ ಮೇಲಕ್ಕೆ ಸಾಗಿಸಿದರು. ಎಲ್ಲರೂ ರಸ್ತೆ ತಲುಪಿದ ಮೇಲೆ ನಿಜ ಸಂಗತಿ ಹೊರಬಂತು. ನಾನು ಕೈಮುಗಿದು ಕ್ಷಮೆ ಕೇಳಿದೆ. ಅವರು ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಒಬ್ಬ ಒದ್ದೆಯಾದ ಫೈಲು ಝಾಡಿಸುತ್ತ ಕೇಳಿದ:

“ಠೀಕ್ ಹೈ ಸರ್. ಲೇಕಿನ್ ರನ್ನಿಂಗ್ ಮೇ ತೋ ಪಾಸ್ ಹೈ ನಾ?”

ಬೂದಿಯಲ್ಲಿ ಬಿದ್ದ ಚೂರು

ಹೀಗೆ ಏಪ್ರಿಲ್ ಬಂತು. ಮಳೆಗಾಲಕ್ಕೆ ಮೊದಲು ಉಳಿದದ್ದು ಎರಡೇ ನಡಿಗೆ. ಎರಡನೇ ಸಲ ಬಂದವರ ಲೆಕ್ಕ ಸೊನ್ನೆಯಲ್ಲೇ ನಿಂತಿತ್ತು. ಕಾರ್ಯದರ್ಶಿ ಹೌಸಿಯ ಚೀಟಿಯ ಕಟ್ಟು ತಂದಿಟ್ಟುಕೊಂಡಿದ್ದಾರೆಂದು ಯಾರೋ ಹೇಳಿದರು.

ಏಪ್ರಿಲಿನ ನಡಿಗೆಗೆ ಒಬ್ಬ ಗೌಂಡಿ ಬಂದ. ವಿಜಯಪುರದ ಕಡೆಯವನು, ನಲವತ್ತರ ಆಸುಪಾಸು. ನವಿಮುಂಬಯಿಯ ಕಟ್ಟಡಗಳಲ್ಲಿ ಹದಿನೆಂಟು ವರ್ಷದಿಂದ ಕಾಂಕ್ರೀಟು ಕಲಸುತ್ತ, ಗೋಡೆ ಕಟ್ಟುತ್ತ ಬಂದವನು. ರೈಲಿನಲ್ಲಿ ನಮ್ಮ ಗುಂಪಿನ ಕನ್ನಡ ಕೇಳಿ, “ಎಲ್ಲಿಗ್ರಿ ಎಲ್ಲಾರೂ?” ಎಂದು ವಿಚಾರಿಸಿ, ರಜೆಯಿದೆ ಎಂದು ಜೊತೆಗೇ ಬಂದುಬಿಟ್ಟ.

ಆ ದಿನ ನನ್ನ ಬಳಿ ಹೊಸ ಸರಕಿತ್ತು. ಮೀನುಗಾರರು ದೋಣಿ ಕಟ್ಟುವ ಧಕ್ಕೆಯ ಆಚೆ ಅರ್ಧ ಮರಳಲ್ಲಿ ಹೂತ ಒಂದು ಬಂಡೆ ಕಂಡುಹಿಡಿದಿದ್ದೆ. ಎಮ್ಮೆ ಮಲಗಿದಷ್ಟು ಗಾತ್ರ. ಬೂದು ಬಣ್ಣದ ಮೈಯಲ್ಲಿ ಕರಿ ಕಲ್ಲಿನ ಚೂಪು ಚೂರುಗಳು. ಮೇಲೆಲ್ಲ ಚಿಪ್ಪು, ಪಾಚಿ. ಪುಸ್ತಕಗಳಲ್ಲಿ ಇಂಥ ಬಂಡೆಯ ವರ್ಣನೆ ಓದಿದ್ದೆ. ಜ್ವಾಲಾಮುಖಿ ಸಿಡಿದಾಗ ಹಾರಿದ ಕಲ್ಲಿನ ಚೂರುಗಳು ಬಿಸಿ ಬೂದಿಯಲ್ಲಿ ಬಿದ್ದು, ಬೂದಿಯ ಸಮೇತ ಗಟ್ಟಿಯಾದಾಗ ಹೀಗಾಗುತ್ತದೆ. ಮುಂಬಯಿಯ ಸುತ್ತ ಅಲ್ಲಲ್ಲಿ ಇದೆಯಂತೆ. ಉರಣದಲ್ಲಿ ಇದನ್ನು ಮೊದಲು ಕಂಡವನು ನಾನೇ ಎಂಬ ಹೆಮ್ಮೆಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಇಪ್ಪತ್ತು ನಿಮಿಷ ಹೇಳಿದೆ. ಚೂರು ಎಷ್ಟು ಒಂದೇ ಅಳತೆಯಲ್ಲಿವೆ ನೋಡಿ, ಬೂದಿ ಅವನ್ನು ಹೇಗೆ ಬಿಗಿಯಾಗಿ ಹಿಡಿದಿದೆ ನೋಡಿ, ಇಲ್ಲೊಂದು ತುಕ್ಕಿನ ಗೆರೆ ಇದೆ, ಇದು ಕಬ್ಬಿಣದ ಖನಿಜದ ಎಳೆ. ಬದಿಯಲ್ಲಿ ಹೆಣೆದಂತೆ ಕಾಣುವ ಗುರುತು ಬೂದಿ ಹರಿದದ್ದು. ಪ್ರಕೃತಿ ಎಂಥ ಕೆಲಸಗಾರ! ಯಾವ ಯಂತ್ರಕ್ಕೂ ಇಷ್ಟು ಹದವಾಗಿ ಕಲಸಲು ಬರುವುದಿಲ್ಲ.

ಗೌಂಡಿ ಬಂಡೆಯ ಸುತ್ತ ಎರಡು ಸುತ್ತು ಬಂದ. ಮೊಣಕಾಲೂರಿ ಕೂತು ಅಂಗೈಯಿಂದ ಸವರಿದ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ.

“ಸರ, ಇದು ಎಷ್ಟು ವರ್ಷದ್ದು ಅಂದ್ರಿ?”

“ಆರೂವರೆ ಕೋಟಿ.”

“ಇಷ್ಟ್ ವರ್ಷ ಆದ್ರೂ ಏನೂ ಆಗಿಲ್ರೀ?”

“ಏನೂ ಆಗಿಲ್ಲ. ಗಟ್ಟಿಯೆಂದರೆ ಗಟ್ಟಿ.”

ಅವನು ಹೊರಡುವಾಗ ನನ್ನ ಹತ್ತಿರ ಬಂದು, “ಸರ, ಮುಂದಿನ ತಿಂಗಳ ಯಾವತ್ತು ಬರ್ತೀರಿ? ಇದೇ ಕಲ್ಲಿನ ಮುಂದ, ಇದನ್ನ, ಹಿಂಗ ಹೇಳ್ತೀರೇನ್ರಿ?” ಅಂದ.

ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಪ್ಲಾಟ್‌ಫಾರ್ಮಿನಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದೆ. ಎರಡನೇ ಸಲ ಬರುವವನು ಸಿಕ್ಕಿದ್ದಾನೆ! ಅವರು ನಂಬಲಿಲ್ಲ. “ಕಣ್ಣಾರೆ ನೋಡಿದ ಮೇಲೆ ನಂಬ್ತೀನಿ” ಎಂದು ಮೇ ತಿಂಗಳ ನಡಿಗೆಗೆ ತಾವೇ ಬಂದರು.

ಗೌಂಡಿ ಬಂದ. ಒಬ್ಬನೇ ಅಲ್ಲ. ಹೆಂಡತಿ, ಮಗಳು, ಜೊತೆಗೆ ಕೆಲಸ ಮಾಡುವ ನಾಲ್ಕು ಜನ, ಅವರೆಲ್ಲರ ಮುಂದೆ ಬಿಳಿ ಮೀಸೆಯ ಒಬ್ಬ ಹಿರಿಯ. “ಇವರು ನಮ್ಮ ಮುಕಾದಮ್ರು” ಎಂದು ಪರಿಚಯಿಸಿದ. ಅಂದರೆ ಇವರ ತಂಡಕ್ಕೆ ಕೆಲಸ ಹಂಚಿ, ಮೇಲೆ ನಿಂತು ಮಾಡಿಸುವವರು. ಕಾರ್ಯದರ್ಶಿ ನನ್ನ ಕೈ ಕುಲುಕಿದರು. ನನ್ನ ಎದೆ ಉಬ್ಬಿತು.

ಬೇರೆ ಯಾವ ಕಲ್ಲನ್ನೂ ನೋಡಲು ಗೌಂಡಿ ಬಿಡಲಿಲ್ಲ. ನೇರವಾಗಿ ಆ ಬಂಡೆಯ ಹತ್ತಿರ ಕರೆದೊಯ್ದು, ಮುಕಾದಮರನ್ನು ಎಲ್ಲರ ಮುಂದೆ ನಿಲ್ಲಿಸಿ, “ಹೇಳ್ರಿ ಸರ” ಅಂದ. ನಾನು ಹೇಳಿದೆ. ಹಿಂದಿನ ಸಲಕ್ಕಿಂತ ಚೆನ್ನಾಗಿ ಹೇಳಿದೆ. “ಆರೂವರೆ ಕೋಟಿ ವರ್ಷ ಮಳೆ, ಬಿಸಿಲು, ಉಪ್ಪುನೀರು ಎಲ್ಲ ತಿಂದು ಹೀಗೆ ನಿಂತಿದೆ” ಎಂದು ಮುಗಿಸಿದೆ.

“ಸರ, ಇನ್ನೊಮ್ಮೆ ಅನ್ರಿ. ಇವರಿಗೆ ಕಿವಿ ಸ್ವಲ್ಪ ಮಂದ.”

ಇನ್ನೊಮ್ಮೆ, ಜೋರಾಗಿ ಅಂದೆ.

ಗೌಂಡಿ ಮುಕಾದಮರತ್ತ ತಿರುಗಿದ. “ಕೇಳಿದ್ರಿಲ್ಲ ಕಾಕಾ? ಈ ಧಕ್ಕೆ ಕಟ್ಟುವಾಗ ನೀವು ಏನಂದಿದ್ರಿ? ನೀರು ಹೆಚ್ಚಾಗೇತಿ, ನಿನ್ನ ಮಾಲು ಎರಡು ಮಳಿಗಾಲ ತಡಿಯಂಗಿಲ್ಲ ಅಂದು, ನಾ ಕಲಸಿದ್ದನ್ನೆಲ್ಲ ಇಷ್ಟೂ ಮಂದಿ ಎದುರಿಗೆ ಇಲ್ಲಿ ಒಗಿಸಿದ್ರಿ. ಭೂಗೋಳದ ಮಾಸ್ತರ ಏನಂತಾರ ನೋಡ್ರಿ. ಆರೂವರೆ ಕೋಟಿ ವರ್ಷ ಆದ್ರೂ ಏನೂ ಆಗಿಲ್ಲಂತ!”

ನಾನು ನಿಂತ ನೆಲ ಮತ್ತೊಮ್ಮೆ ದಕ್ಷಿಣಕ್ಕೆ ತೇಲಿಹೋಗಬಾರದೇ ಎನ್ನಿಸಿತು. ಚೂಪು ಚೂರುಗಳು ಖಡಿ, ಅಂದರೆ ಜಲ್ಲಿಕಲ್ಲು. ಬೂದು ಬಣ್ಣದ್ದು ಅವನು ಕಲಸಿ ಎಸೆದ ಸಿಮೆಂಟು. ನನ್ನ ಕಬ್ಬಿಣದ ಖನಿಜದ ಎಳೆ, ಸರಳು ಕಟ್ಟುವ ತಂತಿಯ ತುಂಡು. ಬೂದಿ ಹರಿದ ಗುರುತು, ಗೋಣಿಚೀಲದ ನೇಯ್ಗೆ. ಕಾರ್ಯದರ್ಶಿ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕಡಲಿನ ಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಕುಲುಕುತ್ತಿತ್ತು.

ಮುಕಾದಮರು ಮಾತ್ರ ನಗಲಿಲ್ಲ. ಬಗ್ಗಿ, ಬಂಡೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕಾಲಿನಿಂದ ಒದ್ದರು. ಒಂದು ಕಲ್ಲೆತ್ತಿ ಕುಟ್ಟಿದರು. ಒಂದು ಚೂರೂ ಉದುರಲಿಲ್ಲ.

“ಮಾಲು ಚಲೋ ಐತಪ್ಪ,” ಅಂದರು. “ಅವತ್ತು ನಾನ ಅವಸರ ಮಾಡಿದೆ. ನಂದು ತಪ್ಪಾತು.”

ಗೌಂಡಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ಓಡಿಹೋಗಿ ಬಂಡೆಯ ಮೇಲೆ ಹತ್ತಿ ಕೂತಳು. ನನಗೆ ನಾಚಿಕೆ ಒಂದು ಕಡೆ, ಯಾಕೋ ತಡೆಯಲಾಗದ ಖುಷಿ ಇನ್ನೊಂದು ಕಡೆ. ಗೌಂಡಿಯನ್ನು ಪಕ್ಕಕ್ಕೆ ಕರೆದು ಕೇಳಿದೆ: “ಅಲ್ಲಪ್ಪ, ಮೊದಲ ದಿನವೇ ನನಗೆ ಹೇಳಬಾರದಿತ್ತೇ?”

“ಹೆಂಗ ಹೇಳ್ಲಿ ಸರ? ಎಷ್ಟ್ ಚಂದ ಹೇಳಾಕತ್ತಿದ್ರಿ ನೀವು. ಹದಿನೆಂಟು ವರ್ಷದಾಗ ನನ್ನ ಕೆಲಸದ ಬಗ್ಗೆ ಯಾರೂ ಇಪ್ಪತ್ತು ನಿಮಿಷ ಮಾತಾಡಿದ್ದಿಲ್ಲ.”

ಕಾರ್ಯದರ್ಶಿ ಕಣ್ಣು ಒರೆಸಿಕೊಳ್ಳುತ್ತ ಹತ್ತಿರ ಬಂದರು. “ಆಯ್ತು ಮೇಷ್ಟ್ರೇ, ಎರಡನೇ ಸಲ ಬಂದದ್ದು ಒಪ್ಪಿದೆ. ಮಳೆಗಾಲ ಮುಗಿದ ಮೇಲೂ ನಿಮ್ಮ ನಡಿಗೆ ನಡೀಲಿ” ಎಂದು, ಗೌಂಡಿಯ ಕಡೆ ತಿರುಗಿ, “ಏನ್ರೀ, ನೀವು ಮೂರನೇ ಸಲವೂ ಬರ್ತೀರಲ್ಲ?” ಅಂದರು.

“ಬರ್ತೀನ್ರಿ, ಯಾಕ ಬರಂಗಿಲ್ಲ?” ಎಂದು ಗೌಂಡಿ ರಸ್ತೆಯ ಕಡೆ ಬೆರಳು ತೋರಿಸಿದ. “ಅಕಾ ಅಲ್ಲಿ, ಆ ಉದ್ದನ ಗ್ವಾಡಿ ಕಾಣ್ತತಲ್ರಿ ಸರ, ಅದೂ ನಂದ ಐತಿ. ಮುಂದಿನ ಸಲ ಅದಕ್ಕೂ ಒಂದಿಷ್ಟು ವಯಸ್ಸು ಹಚ್ಚಿಕೊಡ್ರಿ.”